ಕಾಲರ್ ಮುಟ್ಟುವಷ್ಟು ಕೂದಲು

ಅಪ್ಪನ ಕೂದಲನ್ನು ನಾನು ಮೊದಲ ಸಲ ಕತ್ತರಿಸಿದ್ದು ಒಂದು ಭಾನುವಾರ. ಮಂಗಳವಾರ ಎಂದು ಬರೆಯಬಹುದಿತ್ತು. ನಮ್ಮಲ್ಲಿ ಮಂಗಳವಾರ ತಲೆಗೆ ಕತ್ತರಿ ಮುಟ್ಟಿಸುವುದಿಲ್ಲ. ಹಾಗೆ ಬರೆದರೆ ಮುಂದೆ ಆದದ್ದಕ್ಕೆಲ್ಲ ಒಂದು ಕಾರಣ ಸಿಕ್ಕಿಬಿಡುತ್ತಿತ್ತು. ಆದರೆ ಅದು ಭಾನುವಾರವೇ. ಫ್ಯಾಕ್ಟರಿಗೆ ರಜ, ಬೆಳಗಿನ ಸೈರನ್ ಕೂಗಿರಲಿಲ್ಲ. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಪ್ಪ ಬನಿಯನ್ನಿನಲ್ಲಿ ಕೂತಿದ್ದ.

ಎಪ್ಪತ್ತರ ದಶಕದ ನಡುಭಾಗ. ಮಾರೇನಹಳ್ಳಿಯಲ್ಲಿ ಒಂದು ಮನೆಯ ಹಿಂಭಾಗದ ಎರಡು ಕೋಣೆಯಲ್ಲಿ ನಾವು ಬಾಡಿಗೆಗಿದ್ದೆವು, ಮುಂಭಾಗದಲ್ಲಿ ಓನರ್ ಅಮ್ಮ. ಅಪ್ಪ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ವರ್ಕ್‌ಶಾಪಿನಲ್ಲಿ ಲೇತ್ ಓಡಿಸುತ್ತಿದ್ದ. ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದೆ. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಟೈಲರಿಂಗ್ ಕಲಿತು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು, ಅವಳಿಗೆ ಗಂಡು ನೋಡುತ್ತಿದ್ದರು.

ಅಪ್ಪ ಮೊದಲು ತಾನೇ ಕತ್ತರಿಸಿಕೊಳ್ಳಲು ನೋಡಿದ. ಎದುರಿಗೆ ನುಗ್ಗೆ ಮರದ ಕೊಂಬೆಗೆ ಸಿಕ್ಕಿಸಿದ ದೊಡ್ಡ ಕನ್ನಡಿ. ಎಡಗೈಯಲ್ಲಿ ಅಮ್ಮನ ಸಣ್ಣ ಕನ್ನಡಿ, ತಲೆಯ ಹಿಂದಕ್ಕೆ. ಬಲಗೈಯಲ್ಲಿ ಅಕ್ಕನ ಟೈಲರಿಂಗ್ ಕತ್ತರಿ. ಮುಂದಿನದೂ ಕಿವಿಯ ಮೇಲಿನದೂ ಚೆನ್ನಾಗಿಯೇ ಬಂತು. ಉಕ್ಕನ್ನು ಕೂದಲೆಳೆಯಷ್ಟು ತೆಳ್ಳಗೆ ಹೆರೆಯುವ ಕೈ ಅದು. ಆದರೆ ಹಿಂದಲೆಗೆ ಬಂದಾಗ ಎರಡು ಕನ್ನಡಿಗಳ ನಡುವೆ ಎಡಬಲ ಗೊಂದಲವಾಗಿ ಕತ್ತರಿ ಬೇರೆ ಕಡೆಗೇ ಹೋಗುತ್ತಿತ್ತು.

"ಬಾ ಇಲ್ಲಿ. ಹಿಂದೆ ಒಂಚೂರು ನೋಡಿ ಕತ್ತರಿಸು," ಅಂದ.

"ಅಂಗಡಿಗೆ ಹೋಗಲ್ವಾ ಅಪ್ಪ?"

"ಅವನ ಕೈ ನಡುಗುತ್ತೆ ಈಗ. ವಯಸ್ಸಾಯ್ತು."

ಕಟಿಂಗ್ ಅಂಗಡಿಯವನಿಗೆ ಮೂವತ್ತು ದಾಟಿರಲಿಲ್ಲ. ಅದು ನನಗೂ ಗೊತ್ತಿತ್ತು, ನನಗೆ ಗೊತ್ತೆಂದು ಅಪ್ಪನಿಗೂ ಗೊತ್ತಿತ್ತು.

"ಎಷ್ಟು ಕತ್ತರಿಸ್ಲಿ?"

ಅಪ್ಪ ಒಳಗೆ ಹೋಗಿ ಒಂದು ಹಳೇ ಶರ್ಟು ಹಾಕಿಕೊಂಡು ಬಂದ, ಅಳತೆಗೆ. "ಕಾಲರ್ ಮುಟ್ಟಬೇಕು. ಕಾಲರ್ ದಾಟಬಾರದು."

ಇಷ್ಟು ವರ್ಷ ಅವನು ಅಂಗಡಿಯಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು: ಹಿಂದೆ ಮಿಷನ್ ಹಾಕಿ. ಅಂದರೆ ಕತ್ತಿನ ಮೇಲೆ ನಾಲ್ಕು ಬೆರಳು ನುಣ್ಣಗೆ, ಹಸಿರು ಕಾಣುವಷ್ಟು. ಹುಡುಗರೆಲ್ಲ ಕಿವಿ ಮುಚ್ಚುವಂತೆ ಕೂದಲು ಬಿಡುತ್ತಿದ್ದ ಕಾಲ ಅದು, ನಿಜ. ಆದರೆ ಅಪ್ಪನಿಗೆ ನಲವತ್ತೆಂಟು. ಅಲ್ಲದೆ ಲೇತ್ ಓಡಿಸುವವರು ಉದ್ದ ಕೂದಲು ಬಿಡುವಂತಿಲ್ಲ. ತಿರುಗುವ ಮಿಷನ್ನಿಗೆ ಒಂದೆಳೆ ಸಿಕ್ಕಿದರೂ ತಲೆಯನ್ನೇ ಎಳೆದುಕೊಳ್ಳುತ್ತದೆ ಎಂದು ನಮಗೆಲ್ಲ ಹೇಳಿದವನು ಅವನೇ.

ನಾನು ಬಾಚಣಿಗೆಯಿಂದ ಕೂದಲನ್ನು ಎತ್ತಿದೆ. ಬಲಗಿವಿಯ ಹಿಂದೆ, ಕೂದಲು ಮುಗಿಯುವ ಗೆರೆಯ ಮೇಲೆ, ಎಂಟಾಣೆಯಷ್ಟು ಅಗಲ ಚರ್ಮ ಬಿಳಿಚಿಕೊಂಡಿತ್ತು. ಅಂಚಿನಲ್ಲಿ ತಾಮ್ರದ ಬಣ್ಣ. ಬಿಸಿಲಿಗೆ ಕತ್ತೆಲ್ಲ ಬೆವರಿತ್ತು, ಅಷ್ಟು ಜಾಗ ಮಾತ್ರ ಒಣಗಿತ್ತು.

"ಏನಪ್ಪ ಇದು?"

"ಚಿಬ್ಬು," ಅಂದ. "ಅದು ಕಾಣದ ಹಾಗೆ ಬಿಡು."

ಕಟಿಂಗ್ ಅಂಗಡಿಯಲ್ಲಿ ಆದದ್ದನ್ನು ಅಮ್ಮ ಎಷ್ಟೋ ವರ್ಷದ ಮೇಲೆ ಹೇಳಿದಳು. ಅವಳೂ ಅಲ್ಲಿರಲಿಲ್ಲ, ನಾನೂ ಇರಲಿಲ್ಲ. ಹೆಣ್ಣುಮಕ್ಕಳು ಆ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಆದರೂ ನಾನು ಆ ದೃಶ್ಯವನ್ನು ಎಷ್ಟು ಸಲ ಕಟ್ಟಿದ್ದೇನೆಂದರೆ ಅಲ್ಲಿನ ಪೌಡರಿನ ವಾಸನೆಯೂ ಮೂಗಿಗೆ ಬರುತ್ತದೆ. ಅಂಗಡಿಯವನು ಮಿಷನ್ ನಿಲ್ಲಿಸುತ್ತಾನೆ. ಬಗ್ಗಿ, ದನಿ ತಗ್ಗಿಸಿ, "ಸಾರ್, ಇಲ್ಲೊಂದು ಮಚ್ಚೆ ಬಂದಿದೆ. ಯಾವತ್ತಿಂದ?" ಎನ್ನುತ್ತಾನೆ. ಬೆಂಚಿನ ಮೇಲೆ ಕಾಯುತ್ತಿದ್ದವರ ಪೇಪರುಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಅಪ್ಪ ಅರ್ಧ ಕಟಿಂಗಿಗೇ ಎದ್ದು ಬಂದ ಎಂದಳು ಅಮ್ಮ. ನನಗೆ ನಂಬಿಕೆ ಇಲ್ಲ. ಅಪ್ಪ ಅರ್ಧಕ್ಕೆ ಏಳುವ ಮನುಷ್ಯನಲ್ಲ. ಪೂರ್ತಿ ಕೂತಿರುತ್ತಾನೆ, ಅದೇ ಹೆಚ್ಚು ಕಷ್ಟ.

ಎರಡನೇ ಸಲವೋ ಮೂರನೇ ಸಲವೋ ಕತ್ತರಿಸುವಾಗ ನನ್ನ ಕೈ ಜಾರಿತು. ಟೈಲರಿಂಗ್ ಕತ್ತರಿ ಭಾರ, ಅದರ ತುದಿ ಚೂಪು. ಸರಿಯಾಗಿ ಆ ಮಚ್ಚೆಯ ಮೇಲೆ ಚುಚ್ಚಿಕೊಂಡಿತು. ರಕ್ತ ಒಂದು ಹನಿ ನಿಂತು, ದಪ್ಪವಾಗಿ, ಕೆಳಕ್ಕೆ ಇಳಿಯತೊಡಗಿತು. ಅಪ್ಪ ಫ್ಯಾಕ್ಟರಿಯ ಕ್ಯಾಂಟೀನಿನ ವಡೆಯ ವಿಷಯ ಹೇಳುತ್ತಿದ್ದ. ಹೇಳುತ್ತಲೇ ಇದ್ದ. ರಕ್ತ ಕಾಲರನ್ನು ಮುಟ್ಟಿತು.

ನನ್ನ ಮುಖ ಕಿವಿಚಿಕೊಂಡಿರಬೇಕು. ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದ. ಮಾತು ನಿಂತಿತು.

"ಸ್ಸ್," ಅಂದ. "ನಿಧಾನ ಕಣಮ್ಮ."

ಮೊದಲು ನನ್ನ ಮುಖ, ಆಮೇಲೆ ಅವನ ನೋವು. ಈ ಕ್ರಮದ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ಆ ವರ್ಷವೇ ನಮ್ಮ ಸ್ಕೂಲಿಗೆ ಆರೋಗ್ಯ ಇಲಾಖೆಯವರೊಬ್ಬರು ಬಂದಿದ್ದರು, ಕೈಯಲ್ಲಿ ಒಂದು ಕೋಳಿ ಪುಕ್ಕ. ಒಬ್ಬೊಬ್ಬರಿಗೂ ಕಣ್ಣು ಮುಚ್ಚಿಸಿ ತೋಳಿನ ಮೇಲೆ ಪುಕ್ಕ ಆಡಿಸಿ, ಎಲ್ಲಿ ಮುಟ್ಟಿದೆ ತೋರಿಸಿ ಅನ್ನುತ್ತಿದ್ದರು. ಹುಡುಗಿಯರು ಕಚಗುಳಿಗೆ ನಕ್ಕಿದ್ದೇ ನಕ್ಕಿದ್ದು. ಅವರು ನಗಲಿಲ್ಲ. ಬಿಳಿಚಿದ ಮಚ್ಚೆ ಇದ್ದು, ಅಲ್ಲಿ ಮುಟ್ಟಿದ್ದು ತಿಳಿಯದಿದ್ದರೆ ಅದು ಕುಷ್ಠ ಇರಬಹುದು ಎಂದರು. ಮಾತ್ರೆ ಇದೆ, ಬಿಟ್ಟಿ ಕೊಡುತ್ತಾರೆ, ವಾಸಿಯಾಗುತ್ತದೆ. ತಡ ಮಾಡಿದರೆ ಮಾತ್ರ ನರ ಸತ್ತು ಬೆರಳು ಮಡಚಿಕೊಳ್ಳುತ್ತದೆ, ಅದು ಮತ್ತೆ ಬಿಚ್ಚುವುದಿಲ್ಲ.

ಅಮ್ಮನಿಗೆ ಹೇಳಿದೆ. ಅವಳು ರಾಗಿ ಬೀಸುತ್ತಿದ್ದಳು ಅಂತ ಬರೆಯಲು ಕೈ ಹೋಗುತ್ತದೆ. ನಮ್ಮ ಮನೆಯಲ್ಲಿ ಬೀಸುವ ಕಲ್ಲೇ ಇರಲಿಲ್ಲ. ಏನೋ ಮಾಡುತ್ತಿದ್ದಳು, ಮಾಡುವುದನ್ನು ನಿಲ್ಲಿಸಲಿಲ್ಲ.

"ಚಿಬ್ಬು ಅಂತ ಹೇಳಿಲ್ವಾ ನಿಮ್ಮಪ್ಪ."

"ಚಿಬ್ಬಾದ್ರೆ ಚುಚ್ಚಿದ್ರೆ ನೋಯುತ್ತೆ ಕಣಮ್ಮ."

ಅಮ್ಮ ಬಾಗಿಲ ಕಡೆ ನೋಡಿದಳು. ಮುಂದಿನ ಕೋಣೆಯಲ್ಲಿ ಅಕ್ಕನ ಹೊಲಿಗೆ ಮಿಷನ್ ಓಡುತ್ತಿತ್ತು. "ದೊಡ್ಡ ರೋಗ ಇರೋ ಮನೆ ಹೆಣ್ಣನ್ನ ಯಾರು ತಗೊಂಡೋಗ್ತಾರೆ?" ಅಂದಳು. "ಅವಳ ಕುತ್ತಿಗೆಗೆ ಒಂದು ತಾಳಿ ಬೀಳ್ಲಿ. ಅಲ್ಲೀವರ್ಗೂ ಅದು ಚಿಬ್ಬೇ."

ಅಲ್ಲಿಗೆ ಎಲ್ಲವೂ ಸ್ಪಷ್ಟವಾಗಿತ್ತು. ಒಂದು ಕಡೆ ಅಕ್ಕನ ಮದುವೆ, ಇನ್ನೊಂದು ಕಡೆ ಅಪ್ಪನ ಕೈ. ಆ ಕೈಯ ಬೆರಳ ತುದಿಯಿಂದ ಲೇತಿನ ಮೇಲಿನ ಉಕ್ಕನ್ನು ಸವರಿ, ಇನ್ನೂ ಒಂದೆಳೆ ಹೆಚ್ಚಿದೆ ಎಂದು ಅವನು ಹೇಳುತ್ತಿದ್ದ. ಆಮೇಲೆ ಅಳತೆಯ ಉಪಕರಣ ಇಟ್ಟು ನೋಡಿದರೆ ಒಂದೆಳೆ ಹೆಚ್ಚೇ ಇರುತ್ತಿತ್ತಂತೆ.

ನಡುವೆ ಇದ್ದದ್ದು ನಾನು ಕತ್ತರಿಸುವ ಕೂದಲು. ಕಾಲರ್ ಮುಟ್ಟಬೇಕು, ದಾಟಬಾರದು. ಮೇಲಾದರೆ ಮಚ್ಚೆ ಕಾಣುತ್ತದೆ, ಕೆಳಗಾದರೆ ಲೇತ್ ಎಳೆಯುತ್ತದೆ.

ಗಂಡು ತೋರಿಸಿದವರು ಓನರ್ ಅಮ್ಮನೇ. ಕೆಂಗೇರಿ ಕಡೆಯವರು, ಗಂಡಿನ ತಾಯಿ ಓನರ್ ಅಮ್ಮನಿಗೆ ಚಿಕ್ಕಪ್ಪನ ಮಗಳು. ಹಾಗಾಗಿ ಓನರ್ ಅಮ್ಮ ಈಗ ದಿನಕ್ಕೆ ಮೂರು ಸಲ ಹಿತ್ತಲಿಗೆ ಬರತೊಡಗಿದರು.

"ಏನಮ್ಮ, ನಿಮ್ಮೆಜಮಾನ್ರು ಈ ವಯಸ್ಸಲ್ಲಿ ಹಿಪ್ಪಿ ಆಗ್ತಾವ್ರೆ?"

ಅಮ್ಮ ನಕ್ಕಳು. ಅದು ನಗು ಹೌದೋ ಅಲ್ಲವೋ ಎಂದು ಓನರ್ ಅಮ್ಮ ಒಂದು ಗಳಿಗೆ ನಿಂತು ನೋಡಿದರು.

ಹೆಣ್ಣು ನೋಡಲು ಬಂದ ದಿನ ಎಲ್ಲ ಸರಿಯಾಗಿಯೇ ನಡೆಯಿತು. ಗಂಡು ತಲೆ ತಗ್ಗಿಸಿಕೊಂಡು ಎರಡು ಸಲ ಕೇಸರಿಬಾತ್ ಹಾಕಿಸಿಕೊಂಡರು. ಗಂಡಿನ ತಾಯಿ ಅಕ್ಕ ಹೊಲಿದ ರವಿಕೆಯ ಹೊಲಿಗೆಯನ್ನು ತಿರುಗಿಸಿ ಒಳಗಿನಿಂದ ನೋಡಿದರು, ಮೆಚ್ಚಿದರು. ಏನನ್ನೂ ಒಳಗಿನಿಂದ ನೋಡುವ ಹೆಂಗಸು ಅವರು. ಎದ್ದು ಹೊರಡುವಾಗ ಅಪ್ಪನ ತಲೆಯನ್ನು ನೋಡಿದರು.

"ಯಾಕ್ ಬೀಗ್ರೇ, ಕೂದ್ಲು ಬಿಟ್ಟಿದ್ದೀರಾ?"

ಅಪ್ಪ ಬಾಯಿ ತೆರೆದ. ಅಷ್ಟರಲ್ಲಿ ಅಡುಗೆಮನೆ ಬಾಗಿಲಿನಿಂದ ಅಮ್ಮ ಹೇಳಿಬಿಟ್ಟಳು: "ಹರಕೆ. ಮಗಳ ಮದುವೆ ಕೂಡಿಬಂದ್ರೆ ಮನೆದೇವ್ರಿಗೆ ಮುಡಿ ಕೊಡ್ತೀನಿ ಅಂತ ಕಟ್ಕೊಂಡವ್ರೆ."

ಗಂಡಿನ ತಾಯಿ ಅಲ್ಲಿಂದಲೇ ಕೈ ಮುಗಿದರು. "ಇನ್ನೇನ್ ಮತ್ತೆ, ಕೂಡಿಬಂತಲ್ಲ. ಲಗ್ನಕ್ಕೆ ಮುಂಚೆ ತೀರಿಸ್ಬಿಡಿ. ಹರಕೆ ಇಟ್ಕೊಂಡು ಧಾರೆ ಎರೀಬಾರ್ದು. ನಾವೂ ಬರ್ತೀವಿ, ಎಲ್ರೂ ಜೊತೇಲೇ ಹೋಗಾನ."

ಅಪ್ಪ ಅಮ್ಮನನ್ನು ನೋಡಿದ. ಸಂಬಂಧ ಕುದುರಿದ ಖುಷಿಯಲ್ಲಿ ಅಲ್ಲಿದ್ದವರಿಗೆ ಆ ನೋಟ ಕಾಣಲಿಲ್ಲ. ಬೇರೆ ಯಾವ ಸುಳ್ಳನ್ನಾದರೂ ನುಂಗಿಕೊಳ್ಳಬಹುದು. ನಮ್ಮಲ್ಲಿ ಹರಕೆ ಎಂದು ಬಾಯಲ್ಲಿ ಬಂದದ್ದನ್ನು ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ, ಸುಳ್ಳು ಹರಕೆಯನ್ನು ಕೂಡ. ಮಚ್ಚೆ ಮುಚ್ಚಲೆಂದು ಬಿಟ್ಟ ಕೂದಲನ್ನು ಈಗ ಬೀಗರ ಕಣ್ಣೆದುರು ಬೋಳಿಸಲೇಬೇಕಾಯಿತು.

"ಬಾಯಿಗ್ ಬಂತು ಕಣ್ರೀ," ಅಂದಳು ಅಮ್ಮ, ಅವರೆಲ್ಲ ಹೋದಮೇಲೆ.

ಅಲ್ಲಿಂದ ಮುಂದೆ ನಾವು ಬಚ್ಚಲಿನಲ್ಲಿ ಕತ್ತರಿಸತೊಡಗಿದೆವು, ಬಾಗಿಲು ಹಾಕಿಕೊಂಡು. ಹರಕೆಯ ಮುಡಿಗೆ ದೇವರ ಮುಂದೆ ತೆಗೆಯುವವರೆಗೂ ಕತ್ತರಿ ಮುಟ್ಟಿಸಬಾರದು. ಲೇತಿಗೆ ಅದು ಗೊತ್ತಿಲ್ಲ. ಹಂಡೆಯ ಅಂಚಿಗೆ ಕನ್ನಡಿ ಒರಗಿಸಿ, ಗವಾಕ್ಷಿಯಿಂದ ಬರುವ ಒಂದು ಚೂರು ಬಿಸಿಲಿನಲ್ಲಿ ನಾನು ಅಂದಾಜಿನ ಮೇಲೆ ಕತ್ತರಿ ಆಡಿಸುತ್ತಿದ್ದೆ. ಬಿದ್ದ ಕೂದಲನ್ನು ಪೇಪರಿನಲ್ಲಿ ಕಟ್ಟಿ ಅಪ್ಪ ಊಟದ ಚೀಲದಲ್ಲಿ ಇಟ್ಟುಕೊಂಡು ಹೋಗಿ ಎಲ್ಲೋ ಎಸೆದು ಬರುತ್ತಿದ್ದ. ಅಕ್ಕನಿಗೆ ಇದೊಂದೂ ಗೊತ್ತಿರಲಿಲ್ಲ. ಅವಳ ಸಿಟ್ಟೇ ಬೇರೆ: "ನನ್ನ ಕತ್ತರಿ ಯಾರು ಮುಟ್ತಾ ಇದೀರಾ? ಬಾಯಿ ಹೋಗಿದೆ. ಬಟ್ಟೆ ಕಚ್ತಾ ಇದೆ ನೋಡು."

ಬಚ್ಚಲಲ್ಲಿ ನಾನು ಒಂದು ಕೆಲಸ ಮಾಡುತ್ತಿದ್ದೆ. ಒಮ್ಮೆ ಮಾಡಿದೆ ಎಂದು ಬಹಳ ದಿನ ನಂಬಿದ್ದೆ. ಇಲ್ಲ, ಪ್ರತಿ ಸಲವೂ ಮಾಡುತ್ತಿದ್ದೆ. ಬಾಚಣಿಗೆಯ ಹಲ್ಲನ್ನು ಮಚ್ಚೆಯ ಮೇಲೆ ಒತ್ತಿ ಸುಮ್ಮನೆ ನಿಲ್ಲುತ್ತಿದ್ದೆ, ಮುಖ ಅಲ್ಲಾಡಿಸದೆ. ಅಪ್ಪನಿಗೆ ತಿಳಿಯುತ್ತಿರಲಿಲ್ಲ. ಆಮೇಲೆ ಹುಬ್ಬು ಗಂಟಿಕ್ಕುತ್ತಿದ್ದೆ. ಕನ್ನಡಿಯಲ್ಲಿ ಅದನ್ನು ನೋಡಿ ಅವನು "ಸ್ಸ್" ಅನ್ನುತ್ತಿದ್ದ. ಪ್ರತಿ ಸಲವೂ ಒತ್ತುವ ಜಾಗ ಸ್ವಲ್ಪ ಆಚೆಗೆ ಹೋಗುತ್ತಿತ್ತು. ಪ್ರತಿ ಸಲವೂ ಅಲ್ಲೂ ಅವನಿಗೆ ತಿಳಿಯುತ್ತಿರಲಿಲ್ಲ.

ಒಂದು ದಿನ ಅವನ ಬಲಗೈ ಕಿರುಬೆರಳಿನಲ್ಲಿ ಬೊಬ್ಬೆ ನೋಡಿದೆ. ಲೇತಿನಿಂದ ಸುರುಳಿ ಸುರುಳಿಯಾಗಿ ಬೀಳುವ ಉಕ್ಕಿನ ಹೆರಕಲು ಬಿಸಿಯಿರುತ್ತದೆ. ಅದು ಬೆರಳಿಗೆ ಅಂಟಿಕೊಂಡಿತ್ತಂತೆ. ಪಕ್ಕದ ಮಿಷನ್ನಿನವನು ವಾಸನೆ ಬಂದು ನೋಡಿ ಹೇಳಿದನಂತೆ. ಅಪ್ಪ ಇದನ್ನು ತಮಾಷೆಯ ಹಾಗೆ ಹೇಳಿದ.

"ಅಪ್ಪ," ಅಂದೆ. "ನಮ್ ಸ್ಕೂಲಿಗೆ ಒಬ್ರು ಬಂದಿದ್ರು. ಪುಕ್ಕ ತಗೊಂಡು."

"ಹೂಂ."

"ಮಾತ್ರೆ ಇದೆಯಂತೆ. ವಾಸಿಯಾಗುತ್ತಂತೆ. ತಡ ಮಾಡಿದ್ರೆ ಮಾತ್ರ ಬೆರಳು..."

"ಗೊತ್ತು ಕಣಮ್ಮ. ಕಟಿಂಗ್ ಅಂಗಡಿಯವನೂ ಅದನ್ನೇ ಹೇಳ್ದ. ಅವನ ಮಾವನಿಗೂ ಆಗಿತ್ತಂತೆ. ಪಾಪ, ಒಳ್ಳೇದಕ್ಕೇ ಹೇಳ್ದ."

"ಮತ್ತೆ ಹೋಗು. ನಾನೂ ಬರ್ತೀನಿ."

"ಮಾಗಡಿ ರೋಡಲ್ಲಿ ಆ ಕುಷ್ಠದ ಆಸ್ಪತ್ರೆ ಗೇಟಿನ ಮುಂದೆ ನಾನು ನಿಂತಿದ್ದನ್ನ ಬಸ್ಸಲ್ಲಿ ಹೋಗೋರು ಒಬ್ರು ನೋಡಿದ್ರೆ ಸಾಕು." ಅವನು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ. "ಎರಡೇ ತಿಂಗಳು. ಲಗ್ನ ಮುಗೀಲಿ. ಮಾರನೇ ದಿನಾನೇ ಹೋಗ್ತೀನಿ. ಈಗ ಕತ್ತರಿಸು, ಡ್ಯೂಟಿಗೆ ಹೊತ್ತಾಗುತ್ತೆ."

ಕತ್ತರಿಸಿದೆ.

ಒಂದು ಬೆಳಿಗ್ಗೆ ಓನರ್ ಅಮ್ಮ ಬಚ್ಚಲ ಮೋರಿಯ ಬಾಯಲ್ಲಿ ಕೂತಿದ್ದರು. ಕಡ್ಡಿಯಿಂದ ಏನೋ ಕೆದಕುತ್ತಿದ್ದರು. ಒಂದು ಗುಪ್ಪೆ ಕೂದಲು.

"ಇದ್ಯಾರ್ದು?"

"ನನ್ದು ಅಮ್ಮಾವ್ರೇ. ತುದಿ ಸೀಳಿತ್ತು, ಕತ್ತರಿಸ್ಕೊಂಡೆ."

ಅವರು ಒಂದೆಳೆ ತೆಗೆದು ಬಿಸಿಲಿಗೆ ಹಿಡಿದರು. ಅದು ಬೆಳ್ಳಗಿತ್ತು. "ನಿಂಗ್ ಆಗ್ಲೇ ನರೆ ಬಂತಾ?"

ನಾನು ಜಡೆಯನ್ನು ಬೆನ್ನ ಹಿಂದಕ್ಕೆ ಹಾಕಿಕೊಂಡೆ.

"ಮುಡಿ ಹರಕೆಗೆ ಕತ್ತರಿ ಹಾಕ್ದೋರ ಮನೇಲಿ ಒಳ್ಳೇದಾಗಲ್ಲ ಕಣವ್ವ. ನಿಮ್ಮಪ್ಪನ್ಗೆ ಹೇಳು." ಕಡ್ಡಿ ಎಸೆದು ಎದ್ದು ಹೋದರು. ಆ ಮಧ್ಯಾಹ್ನ ನಾನು ಬಚ್ಚಲಿಗೆ ಹೋಗಿ ನನ್ನ ಜಡೆಯ ತುದಿಯನ್ನು ಒಂದು ಗೇಣು ಕತ್ತರಿಸಿಕೊಂಡೆ, ಸುಳ್ಳಿಗೆ ಸಾಕ್ಷಿ ಇರಲಿ ಎಂದು. ಓನರ್ ಅಮ್ಮ ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಹಿತ್ತಲಿಗೆ ಬರುವುದನ್ನೂ ನಿಲ್ಲಿಸಲಿಲ್ಲ. ಬಂದು ನಿಲ್ಲುತ್ತಿದ್ದರು. ನೋಡುತ್ತಿದ್ದರು.

ಮುಡಿ ಕೊಡಲು ಹೋದದ್ದು ಕೆಂಗೇರಿ ದಾಟಿ ಒಂದು ಸಣ್ಣ ಬೆಟ್ಟಕ್ಕೆ. ಹಿಂದಿನ ದಿನ ಅಪ್ಪ ನನ್ನನ್ನು ಕರೆದು, "ಅಲ್ಲಿ ಕನ್ನಡಿ ಇರಲ್ಲ. ನೀನು ನನ್ನೆದುರಿಗೇ ನಿಂತ್ಕೊ," ಅಂದ. ನಾವು ಇದರ ಬಗ್ಗೆ ಆಡಿದ ಮಾತು ಇಷ್ಟೇ. ಅವನಿಗೂ ಆಟ ಗೊತ್ತಿದೆ ಎಂದು ನನಗೆ ತಿಳಿದದ್ದು ಆಗ.

ಕಲ್ಯಾಣಿಯ ಪಕ್ಕದಲ್ಲಿ ಅತ್ತಿಮರದ ಕೆಳಗೆ ಮುಡಿ ತೆಗೆಯುವವನು ಚಾಪೆ ಹಾಕಿ ಕೂತಿದ್ದ. ಬೀಗರ ಕಡೆಯವರು ಹದಿನೈದು ಜನ, ನಮ್ಮ ಕಡೆಯವರು ಹತ್ತು. ಎಲ್ಲರೂ ಅರ್ಧ ಸುತ್ತುಗಟ್ಟಿ ನಿಂತರು. ಅಪ್ಪ ಚಕ್ಕಂಬಕ್ಕಲ ಹಾಕಿ ಕೂತ, ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡ. ಬಲಗೈಯ ಕೊನೆಯ ಎರಡು ಬೆರಳು ಸ್ವಲ್ಪ ಒಳಕ್ಕೆ ಬಾಗಿದ್ದವು. ನಾನು ಎದುರಿಗೆ ನಿಂತೆ.

ಮುಡಿ ತೆಗೆಯುವವನು ಅಪ್ಪನ ತಲೆಗೆ ನೀರು ಚಿಮುಕಿಸಿ ತಿಕ್ಕಿದ. ಕತ್ತಿ ನೆತ್ತಿಯಿಂದ ಹಣೆಗೆ, ನೆತ್ತಿಯಿಂದ ಕಿವಿಗೆ ಇಳಿಯಿತು. ಒದ್ದೆ ಕೂದಲು ಚಾಪೆಯ ಮೇಲೆ ಬಿತ್ತು. ಆಮೇಲೆ ಹಿಂದಕ್ಕೆ ಬಂದ. ಅಲ್ಲಿ ಅವನ ಹೆಬ್ಬೆರಳು ನಿಂತಿತು. ಮಚ್ಚೆಯನ್ನು ನೋಡಿದ. ಒಂದು ಉಸಿರಿನಷ್ಟು ಹೊತ್ತು. ಎಷ್ಟು ತಲೆಗಳನ್ನು ನೋಡಿದವನೋ ಅವನು.

"ತಲೆ ಬಗ್ಗಿಸಿ ಯಜಮಾನ್ರೇ," ಎಂದಷ್ಟೇ ಹೇಳಿ ಬೋಳಿಸಿದ. ಯಾರೂ ಹಿಂದಕ್ಕೆ ಹೋಗುವ ಮೊದಲೇ ಬಟ್ಟಲಿನ ಗಂಧ ತೆಗೆದು ತಲೆಗೆಲ್ಲ ಬಳಿದ. ಮುಡಿ ತೆಗೆದ ಮೇಲೆ ಗಂಧ ಹಚ್ಚುವುದು ಎಲ್ಲ ಕಡೆಯೂ ಇದ್ದದ್ದೇ. ಆದರೆ ಬಲಗಿವಿಯ ಹಿಂದೆ ಅವನು ಎರಡು ಸಲ ಹಚ್ಚಿದ, ದಪ್ಪಗೆ. ಮಚ್ಚೆ ಮುಚ್ಚಿಹೋಯಿತು. ನಾನು ಉಸಿರು ಬಿಟ್ಟೆ.

ಗಂಡಿನ ತಾಯಿ ಆಗ ಸುತ್ತು ಬಳಸಿ ಹಿಂದಕ್ಕೆ ಹೋದರು. ಹಸಿ ಗಂಧದ ಮಧ್ಯದಿಂದ ಕೆಂಪಗೆ ಒಂದು ಗೆರೆ ಮೇಲೆ ಬರುತ್ತಿತ್ತು.

"ಅಯ್ಯೋ, ಕುಯ್ದುಬಿಟ್ಟವ್ನೆ. ಅದರ ಮೇಲೆ ಗಂಧ ಬೇರೆ." ಬಗ್ಗಿ ನೋಡಿದರು. "ಉರೀತಿಲ್ವಾ ಬೀಗ್ರೇ?"

ಅಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಉರಿಯಬೇಕೋ ಬೇಡವೋ, ಉರಿದರೆ ಎಷ್ಟು, ನಾನು ಹೇಳಬೇಕಿತ್ತು.

ಮುಖವನ್ನು ಅಲ್ಲಾಡಿಸದೆ ನಿಂತರೆ ಎಲ್ಲ ಅಲ್ಲಿಗೇ ಮುಗಿಯುತ್ತದೆ ಎಂದು ನನಗೆ ಗೊತ್ತಿತ್ತು. ಅವನು "ಏನು?" ಅನ್ನುತ್ತಾನೆ. ಆ ಹೆಂಗಸು ಬೆರಳಿಂದ ಮುಟ್ಟಿ ನೋಡುತ್ತಾರೆ. ಸಂಬಂಧ ಮುರಿಯುತ್ತದೆ, ನಾಳೆಯೇ ನಾವು ಮಾಗಡಿ ರೋಡಿಗೆ ಹೋಗುತ್ತೇವೆ, ಬೆರಳು ಉಳಿಯುತ್ತದೆ. ಇದನ್ನೆಲ್ಲ ಆಗಲೇ ಯೋಚಿಸಿದೆನೋ, ಈ ನಲವತ್ತೈವತ್ತು ವರ್ಷಗಳಲ್ಲಿ ಆ ಒಂದು ಗಳಿಗೆಯೊಳಗೆ ತುರುಕಿದೆನೋ ಹೇಳಲಾರೆ. ಅಕ್ಕ ನನ್ನ ಪಕ್ಕದಲ್ಲಿ ಹೊಸ ಸೀರೆಯುಟ್ಟು ನಿಂತಿದ್ದಳು. ನಾನು ಮುಖ ಕಿವಿಚಿದೆ.

"ಸ್ಸ್," ಅಂದ ಅಪ್ಪ. "ಉರೀತದೆ ತಾಯಿ."

"ಉರೀದೆ ಇರತ್ತಾ," ಎಂದು ನಕ್ಕರು ಅವರು. "ಹೋಗ್ಲಿ ಬಿಡಿ, ದೇವ್ರಿಗೆ ಒಂದನಿ ರಕ್ತಾನೂ ಸಂದ್ತು."

ಮದುವೆಯಲ್ಲಿ ಅಪ್ಪನ ತಲೆಯ ಮೇಲೆ ಪೇಟ ಇತ್ತು, ಹೆಗಲ ಮೇಲೆ ಕಿವಿಯವರೆಗೂ ಎಳೆದುಕೊಂಡ ಶಲ್ಯ. ಎಲ್ಲ ಚೆನ್ನಾಗಿ ನಡೆಯಿತು. ಮಾರನೇ ದಿನ ಅವನು ಆಸ್ಪತ್ರೆಗೆ ಹೋಗಲಿಲ್ಲ. ಈಗಲೇ ಗೊತ್ತಾದರೆ ಹೆಣ್ಣನ್ನು ವಾಪಸು ಕಳಿಸುತ್ತಾರೆ, ಅವಳು ಅಲ್ಲಿ ಹೊಂದಿಕೊಳ್ಳಲಿ ಎಂದಳು ಅಮ್ಮ. ಆಷಾಢಕ್ಕೆ ಅಕ್ಕ ತವರಿಗೆ ಬಂದಳು. ವಾಪಸು ಹೋಗಲಿ ಎಂದರು. ಶ್ರಾವಣದಲ್ಲಿ ಹೋದಳು, ಗೌರಿ ಹಬ್ಬ ಕಳೆಯಲಿ ಎಂದರು. ಗೌರಿ ಹಬ್ಬದ ಹೊತ್ತಿಗೆ ಅಪ್ಪನ ಎರಡು ಬೆರಳು ಬಿಚ್ಚುತ್ತಿರಲಿಲ್ಲ. ವರ್ಕ್‌ಶಾಪಿನಲ್ಲಿ ಅವನು ಮಾಡಿದ ಮಾಲು ಅಳತೆಗೆ ಸರಿಹೋಗದೆ ವಾಪಸು ಬರತೊಡಗಿತು. ಲೇತಿನಿಂದ ತೆಗೆದು ಪ್ಯಾಕಿಂಗಿಗೆ ಹಾಕಿದರು. ಬೆರಳು ಮಿಷನ್ನಿಗೆ ಸಿಕ್ಕಿತ್ತು ಎಂದು ನಾವು ಎಲ್ಲರಿಗೂ ಹೇಳಿದೆವು. ಅಕ್ಕನಿಗೂ ಹಾಗೆಂದೇ ಹೇಳಿದೆವು.

ಮೊದಲ ದೀಪಾವಳಿಗೆ ಅಕ್ಕ ಬಂದಳು. ಭಾವ ಸಂಜೆ ಬರುವವರಿದ್ದರು. ಹಬ್ಬದ ಹಿಂದಿನ ದಿನ ಹಿತ್ತಲಿನಲ್ಲಿ ಅಪ್ಪನ ಕೂದಲು ಕತ್ತರಿಸಲು ನಾನು ಸಿದ್ಧ ಮಾಡಿಕೊಂಡಿದ್ದೆ. ಕೂದಲು ಮತ್ತೆ ಕಾಲರ್‌ಗೆ ಬಂದಿತ್ತು. ಅಲ್ಲಿಯವರೆಗೆ ಅಪ್ಪ ಕಿವಿ ಮುಚ್ಚುವಂತೆ ತಲೆಗೆ ಟವೆಲ್ ಸುತ್ತಿಕೊಂಡೇ ಇರುತ್ತಿದ್ದ. ಹರಕೆ ಮುಗಿದಿದ್ದರಿಂದ ಈಗ ಬಾಗಿಲು ಹಾಕಿಕೊಳ್ಳಬೇಕಿರಲಿಲ್ಲ. ನುಗ್ಗೆ ಮರ, ಕನ್ನಡಿ, ಹಳೇ ಶರ್ಟು. ಕತ್ತರಿಯೂ ಅದೇ, ಬಾಯಿ ಹೋದದ್ದು ನಿಮಗೇ ಇರಲಿ ಎಂದು ಅಕ್ಕ ಬಿಟ್ಟುಹೋಗಿದ್ದಳು.

"ಸರಿ ಆ ಕಡೆ," ಅಂದಳು ಅಕ್ಕ. "ಒಂದು ವರ್ಷದಿಂದ ನೋಡ್ತಾ ಇದೀನಿ, ಹಿಂದೆ ಕತ್ತರಿಸೋಕೇ ಬರಲ್ಲ ನಿಂಗೆ. ಯಾವಾಗ್ಲೂ ಉದ್ದ ಬಿಡ್ತೀಯ."

ನನ್ನ ಕೈಯಿಂದ ಬಾಚಣಿಗೆ ಕಿತ್ತುಕೊಂಡಳು. ಬೇಡ ಎನ್ನಲು ನನಗೆ ಒಂದು ಕಾರಣ ಹೊಳೆಯಲಿಲ್ಲ. ಅಪ್ಪ ಕನ್ನಡಿಯಲ್ಲಿ ನನ್ನನ್ನು ಹುಡುಕಿದ. ನಾನು ಪಕ್ಕಕ್ಕೆ ಸರಿದಿದ್ದೆ. ಅಲ್ಲಿ ಈಗ ಅಕ್ಕನ ಮುಖವಿತ್ತು.

ಅಕ್ಕ ಬಾಚಣಿಗೆಯಿಂದ ಕೂದಲು ಎತ್ತಿದಳು. ಮಚ್ಚೆ ಅಷ್ಟು ಹೊತ್ತಿಗೆ ಅಂಗೈಯಷ್ಟಾಗಿತ್ತು. ಅವಳ ಹುಬ್ಬು ಗಂಟಿಕ್ಕಿತು.

"ಸ್ಸ್," ಅಂದ ಅಪ್ಪ. "ನಿಧಾನ ಕಣೇ. ಕತ್ತರಿ ತಾಗ್ತು."

ಎಲ್ಲೋ ಬೀದಿಯಲ್ಲಿ ಒಂದು ಪಟಾಕಿ ಸರ ಹೊತ್ತಿಕೊಂಡು ಮುಗಿಯಿತು. ಅಕ್ಕ ನನ್ನ ಕಡೆ ತಿರುಗಿದಳು, ನನ್ನ ಕೈಯನ್ನು ನೋಡಿದಳು.

"ಅಪ್ಪ," ಅಂದಳು. "ಕತ್ತರಿ ಇನ್ನೂ ಇವಳ ಕೈಲೇ ಇದೆ."

ಆಮೇಲೆ ಅವಳು ಮಾಡಿದ್ದು ಯಾರೂ ಹೇಳಿಕೊಟ್ಟದ್ದಲ್ಲ. ಅಪ್ಪನ ತಲೆಯ ಹಿಂದೆ ಬಗ್ಗಿದಳು, ಕನ್ನಡಿಯಲ್ಲಿ ತನ್ನ ಮುಖ ಕಾಣದಂತೆ. ಬಾಚಣಿಗೆಯ ಹಲ್ಲನ್ನು ಮಚ್ಚೆಯ ಮೇಲೆ ಒತ್ತಿದಳು. "ಈಗ ಹೇಳು. ನೋಯ್ತಾ ಇದೆಯಾ?"

ಅಪ್ಪ ಕನ್ನಡಿಯನ್ನು ನೋಡಿದ. ಅದರಲ್ಲಿ ಅವನೊಬ್ಬನೇ ಇದ್ದ.

ಹಬ್ಬ ಮುಗಿದ ಮೂರನೇ ದಿನ ಅವಳೇ ಅವನನ್ನು ಕರೆದುಕೊಂಡು ಹೋದಳು, ಎಲ್ಲರೂ ಹತ್ತುವ ಬಸ್ಸಿನಲ್ಲಿ, ಹಾಡುಹಗಲಲ್ಲಿ. ನಾನೂ ಹೋದೆ. ಯಾರಿಗೆ ತಿಳಿಯಬಾರದೆಂದು ನಾವು ಒಂದು ವರ್ಷ ಕೂದಲು ಕತ್ತರಿಸಿದೆವೋ ಅವಳು ಆ ಗೇಟನ್ನು ಮೊದಲು ದಾಟಿದಳು. ಭಾವನಿಗೆ ಅವಳೇ ಹೇಳಿದ್ದಳು. ಏನೆಂದು ಹೇಳಿದಳೋ, ಅವರೇನೆಂದರೋ ಕೇಳಿಲ್ಲ. ಅವಳನ್ನು ವಾಪಸು ಕಳಿಸಲಿಲ್ಲ. ಅವಳ ಅತ್ತೆ ಮಾತ್ರ ಆಮೇಲೆ ಎಂದೂ ನಮ್ಮ ಮನೆಯಲ್ಲಿ ನೀರು ಕುಡಿಯಲಿಲ್ಲ, ಮುಂದಿನ ಯುಗಾದಿಗೆ ಓನರ್ ಅಮ್ಮ ಮನೆ ಖಾಲಿ ಮಾಡಿಸಿದರು. ಹೆದರಿದ್ದರಲ್ಲಿ ಅರ್ಧ ನಿಜವಾಯಿತು. ಮಾತ್ರೆಗೆ ಮಚ್ಚೆ ಹೋಯಿತು, ಬೆರಳು ಬಿಚ್ಚಲಿಲ್ಲ.

ಮೊದಲ ದಿನದ ತಪಾಸಣೆ ನನಗೆ ನೆನಪಿದೆ. ಉದ್ದ ಕೋಣೆ, ಕಿಟಕಿಯ ಪಕ್ಕ ಸ್ಟೂಲು. ಡಾಕ್ಟರು ಮೇಜಿನ ಡ್ರಾಯರಿನಿಂದ ಒಂದು ಪುಕ್ಕ ತೆಗೆದರು.

"ಕಣ್ಣು ಮುಚ್ಚಿ ಯಜಮಾನ್ರೇ. ನಾನು ಮುಟ್ಟಿದಾಗ ಹೂಂ ಅನ್ನಿ."

ಅಪ್ಪ ಕಣ್ಣು ಮುಚ್ಚುವ ಮೊದಲು ಒಮ್ಮೆ ನನ್ನ ಕಡೆ ತಿರುಗಿದ. ಆಮೇಲೆ ಮುಚ್ಚಿದ. ಡಾಕ್ಟರು ಅವನ ಕಿವಿಯ ಹಿಂದೆ, ಕತ್ತಿನ ಮೇಲೆ, ಮೊಣಕೈಯಿಂದ ಕಿರುಬೆರಳಿನವರೆಗೆ ಪುಕ್ಕ ಆಡಿಸುತ್ತ ಬಂದರು. ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು, ಶಾಲೆಯ ಹುಡುಗನ ಹಾಗೆ ಗಮನವಿಟ್ಟು, ಅವರು ಯಾವಾಗ ಶುರು ಮಾಡುತ್ತಾರೆಂದು ಕಾಯುತ್ತ ಕೂತಿದ್ದ.